ಭಾಗ ಪಡೆದವರೆಲ್ಲ ಗಂಡುಮಕ್ಕಳು

ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ನಾಮಕರಣ, ಗೃಹಪ್ರವೇಶ, ಚುನಾವಣೆ, ಕೊನೆಗೆ ಶ್ರದ್ಧಾಂಜಲಿ. ಫ್ಲೆಕ್ಸ್ ಕಟ್ಟದೆ ದಾಟುವ ಘಟ್ಟವೇ ಈಗ ಮನುಷ್ಯನಿಗೆ ಉಳಿದಿಲ್ಲ. ಶ್ರದ್ಧಾಂಜಲಿಗೆ ಬರುವವರು ಸತ್ತವರ ಫೋಟೋ ಕೊಟ್ಟು ಐದು ನಿಮಿಷ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ 'ದುಃಖತಪ್ತರು' ಎಂಬುದರ ಕೆಳಗೆ ಯಾರ ಹೆಸರು ಮೊದಲು ಬರಬೇಕು ಎಂದು ನನ್ನ ಕಂಪ್ಯೂಟರಿನ ಮುಂದೆಯೇ ಜಗಳಕ್ಕೆ ನಿಲ್ಲುತ್ತಾರೆ. ಹೆಣ್ಣುಮಕ್ಕಳ ಹೆಸರು ಹಾಕುವುದಿಲ್ಲವಾ ಎಂದು ನಾನೇ ಕೇಳಬೇಕು. "ಜಾಗ ಇದ್ರೆ ಆಕವ್ವಾ" ಎನ್ನುತ್ತಾರೆ. ಜಾಗ ಇದ್ದೇ ಇರುತ್ತದೆ, ಬಾಯಿ ಮುಚ್ಚಿಕೊಂಡು ಹಾಕುತ್ತೇನೆ. ಬಾಯಿ ಮುಚ್ಚಿಕೊಳ್ಳುವುದು ನನಗೆ ಸುಲಭದ ಕೆಲಸವಲ್ಲ ಎಂದು ನಮ್ಮ ರಸ್ತೆಗೆಲ್ಲ ಗೊತ್ತು.

ಇಂಥ ಅಂಗಡಿಗೆ ಒಂದು ದಿನ ಕೆ.ಆರ್. ಪೇಟೆಯಿಂದ ಒಬ್ಬ ಹಿರಿಯರು ಬಂದು "ನಂಗೊಂದು ಮರ ಬೇಕು" ಎಂದರು. ನಿವೃತ್ತ ಬಸ್ ಕಂಡಕ್ಟರು. ನಾನು ಅರಣ್ಯ ಇಲಾಖೆಯ ಗಿಡ ನೆಡುವ ಕಾರ್ಯಕ್ರಮವಿರಬೇಕು ಎಂದುಕೊಂಡು ಒಂದು ಆಲದ ಮರದ ಚಿತ್ರ ತೋರಿಸಿದೆ. ಅವರಿಗೆ ಬೇಕಾಗಿದ್ದುದು ವಂಶದ ಮರ. ತಾತ, ಮುತ್ತಾತ, ಅವರ ಅಪ್ಪ, ಎಲ್ಲರನ್ನೂ ಅವರು ಬಾಯಲ್ಲೇ ಹೇಳಿದರು, ನಾನು ಟೈಪ್ ಮಾಡಿದೆ. ಮರ ಎಂದ ಮೇಲೆ ಬೇರು ಕೆಳಗೆ ತಾನೇ? ಮುತ್ತಾತನನ್ನು ಬುಡದಲ್ಲಿ ಹಾಕಿ, ಮೊಮ್ಮಕ್ಕಳನ್ನು ಎಲೆಗಳ ನಡುವೆ ಕೂರಿಸಿದೆ. ಅವರು ನೋಡಿ ಹೌಹಾರಿದರು.

"ಇದೇನವ್ವಾ, ಇರೀಕರ ತಲೆ ಮ್ಯಾಲೆ ಐಕ್ಳ ಕಾಲು ಮಡಗಿದ್ದೀಯಲ್ಲಾ! ತಗುದು ಮ್ಯಾಲಕ್ಕೆ ಆಕು."

"ಬೇರು ಮೇಲಿದ್ರೆ ಅದು ಮರ ಎಂಗಾಯ್ತದೆ ಸಾರ್?"

"ನಮ್ಮ ಮರ ಅಂಗೇ ಆಯ್ತದೆ."

ಅರ್ಧ ದಿನ ಜಗಳವಾಡಿ ಕೊನೆಗೆ ನಾನೇ ಸೋತೆ. ಅಂದಿನಿಂದ ನಮ್ಮ ವಂಶಾವಳಿ ಬಳಗದ ಮರಗಳೆಲ್ಲ ತಲೆಕೆಳಗಾಗಿಯೇ ಬೆಳೆಯುತ್ತಿವೆ. 'ನಮ್ಮ ಬಳಗ' ಎಂದೆನಲ್ಲ, ಹೌದು, ಆ ಜಗಳದ ಕೊನೆಯಲ್ಲಿ ಕಂಡಕ್ಟರು ನನ್ನನ್ನೂ ಅದರೊಳಕ್ಕೆ ಎಳೆದುಕೊಂಡಿದ್ದರು.

ಬಳಗ ಸೇರುತ್ತಿದ್ದುದು ಪಾಂಡವಪುರದಲ್ಲಿ, ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಜಗುಲಿಯ ಮೇಲೆ, ಎರಡು ವಾರಕ್ಕೊಂದು ಭಾನುವಾರ. ಬರುವವರು ಬರುತ್ತಿದ್ದರು, ಹೋಗುವವರು ಹೋಗುತ್ತಿದ್ದರು. ಆದರೆ ತಪ್ಪದೆ ಬರುತ್ತಿದ್ದವರು ಮೂವರು. ಒಬ್ಬರು ಕಂಡಕ್ಟರು, ಬಳಗದ ಅಧ್ಯಕ್ಷರು. ಆ ಕಡೆಯ ಬಸ್ಸುಗಳಲ್ಲೇ ಆಯುಷ್ಯ ಕಳೆದವರಾದ್ದರಿಂದ ಯಾವ ಊರಲ್ಲಿ ಯಾವ ಮನೆತನ ಇಳಿಯುತ್ತದೆ ಎಂದು ಅವರಿಗೆ ಗೊತ್ತು. ಇನ್ನೊಬ್ಬರು ದೇವಲಾಪುರದ ಡೈರಿಯಲ್ಲಿ ಹಾಲು ಅಳೆಯುವ ಅಕ್ಕ. ಮೂರನೆಯವರು ಶ್ರೀರಂಗಪಟ್ಟಣದ ಚಾಚಾ. ವಾರವೆಲ್ಲ ತಮ್ಮ ವ್ಯಾನಿನಲ್ಲಿ ತರಕಾರಿ ಸಾಗಿಸಿ, ಭಾನುವಾರ ಅದರೊಳಗೇ ಚಾಪೆ ಹಾಸಿ ನಮ್ಮನ್ನು ಸಾಗಿಸುತ್ತಿದ್ದರು. ಟೊಮ್ಯಾಟೊ ವಾಸನೆ ಹಿಡಿಯದೆ ನಾನು ಮನೆಗೆ ಬಂದ ಭಾನುವಾರವೇ ಇಲ್ಲ.

ಚಾಚಾ ಬಳಗಕ್ಕೆ ಬಂದದ್ದು ತಮ್ಮ ತಾಯಿಯ ಕಡೆಯವರನ್ನು ಹುಡುಕಿಕೊಂಡು. ಗಾರೆ ಕೆಲಸದ ಮನೆತನ, ಕಿರಂಗೂರಿನ ಕಡೆ ಎಲ್ಲೋ ಇದ್ದರಂತೆ ಎನ್ನುವುದಷ್ಟೇ ಅವರಿಗೆ ಗೊತ್ತಿತ್ತು. "ನಿಮ್ಮ ಮರದಾಗೆ ನಮಗೂ ಒಂದು ಕೊಂಬೆ ಐತಾ ಭಾಯಿ?" ಎಂದು ಕೇಳುತ್ತ ಜಗುಲಿಯ ಕೆಳಗೇ ನಿಂತಿದ್ದರಂತೆ. ಕಂಡಕ್ಟರು "ಮೊದ್ಲು ಮ್ಯಾಕ್ ಬಾರಯ್ಯ, ಕೊಂಬೆ ಆಮೇಲೆ ನೋಡಾನ" ಎಂದು ಕೈಹಿಡಿದು ಹತ್ತಿಸಿಕೊಂಡರಂತೆ. ಆಮೇಲೆ ಎಷ್ಟೋ ಭಾನುವಾರ ಎಲ್ಲರೂ ಸೇರಿ ಒಂದು ಹಳೆಯ ಕಬರಸ್ತಾನದ ಮುಳ್ಳುಕಂಟಿ ಕಡಿದೆವು. ಕತ್ತಿ ಹಿಡಿದು ಗೊತ್ತಿಲ್ಲದ ನನ್ನ ಅಂಗೈ ಬೊಬ್ಬೆ ಎದ್ದಿತು. ಚಾಚಾನ ಮುತ್ತಜ್ಜನ ಗೋರಿಕಲ್ಲು ಸಿಕ್ಕಲಿಲ್ಲ. ಆದರೆ ಕಡಿಯುವುದನ್ನು ನೋಡಲು ಬಂದ ಒಬ್ಬ ಮುದುಕ "ನಿಮ್ಮಮ್ಮನ ಕಡೆಯೋರು ಗಂಜಾಂನಾಗವ್ರಲ್ಲಾ" ಎಂದುಬಿಟ್ಟ. ಚಾಚಾ ಹುಟ್ಟಿ ಬೆಳೆದ ಮನೆಯಿಂದ ಗಂಜಾಂಗೆ ಸೈಕಲ್ಲಿನಲ್ಲೇ ಹೋಗಿಬರಬಹುದು. ಅವರು ಅಲ್ಲೇ ಮಣ್ಣಿನ ಮೇಲೆ ಕುಳಿತು ನಕ್ಕರು, ನಕ್ಕು ನಕ್ಕು ಅತ್ತರು. ಅವತ್ತು ಅವರ ಮನೆಯಲ್ಲಿ ನಮಗೆಲ್ಲ ಊಟ. ಆ ಜನರ ಜೊತೆ ನಾನು ಉಳಿದದ್ದು ಇಂಥದ್ದಕ್ಕೆ, ಇತಿಹಾಸದ ಮೇಲಿನ ಪ್ರೀತಿಗಲ್ಲ.

ಬಳಗದ ಕೆಲಸಕ್ಕೆ ಒಂದು ಪದ್ಧತಿಯಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ಮುಂಚೆ ಊರೂರಿಗೆ ಹೆಳವರು ಬಂದು ಕುಲ ಹೇಳುತ್ತಿದ್ದರು. ಈಗ ಅವರು ಬರುವುದು ಅಪರೂಪ. ಹಾಗಾಗಿ ನಾವೇ ಹಳಬರನ್ನು ಕೂರಿಸಿಕೊಂಡು ಕೇಳಬೇಕು. ನಿಮ್ಮ ಮುತ್ತಾತನಿಗೆ ಮಕ್ಕಳೆಷ್ಟು ಎಂದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಆದರೆ ಭಾಗ ಯಾರ್‍ಯಾರಿಗೆ ಹೋಯಿತು ಎಂದು ಕೇಳಿ ನೋಡಿ! ಬಾವಿ ಪಾಲು ಯಾರಿಗೆ, ಹುಣಸೆಮರದ ಪಾಲು ಯಾರಿಗೆ, ಕೆರೆ ಹಿಂದಿನ ಗದ್ದೆ ಯಾರಿಗೆ ಹೋಯಿತು ಎನ್ನುವುದು ನಿನ್ನೆ ನಡೆದಂತೆ ಬಾಯಿಗೆ ಬರುತ್ತದೆ. ಜಮೀನನ್ನು ನಮ್ಮ ಕಡೆಯವರು ಮರೆಯುವುದಿಲ್ಲ. ಆದ್ದರಿಂದ ಕಂಡಕ್ಟರು ಒಂದು ಕಾನೂನು ಮಾಡಿದ್ದರು. "ಭಾಗ ತಗಂಡೋನು ಮಗ. ಅಷ್ಟೇ. ಬರ್ಕೋ." ನಾವು ಬರೆದುಕೊಳ್ಳುತ್ತಿದ್ದೆವು. ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಅದು ಸರಿಯಾಗಿಯೇ ಹೊಂದುತ್ತಿತ್ತು.

ಈ ನಡುವೆ ನನ್ನ ಬದುಕಿನಲ್ಲಿ ಒಬ್ಬ ಮನುಷ್ಯ ಬಂದಿದ್ದ. ಕೆ.ಆರ್. ಪೇಟೆ ತಾಲ್ಲೂಕಿನವನು, ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವವನು. ಶಾಮಿಯಾನ ಕಟ್ಟುವ ಕಡೆಯಲ್ಲೆಲ್ಲ ಫ್ಲೆಕ್ಸ್ ಬೇಕು, ಫ್ಲೆಕ್ಸ್ ಕಟ್ಟಲು ಶಾಮಿಯಾನದ ಕಂಬ ಬೇಕು. ಹೀಗೆ ಫೋನಿನಲ್ಲಿ ಅಳತೆ ಕೇಳುತ್ತ ಕೇಳುತ್ತ ಊಟ ಆಯಿತಾ ಎಂದು ಕೇಳುವ ತನಕ ಬಂದಿದ್ದೆವು. ಅವನಿಗೆ ಮಾತು ಕಮ್ಮಿ. ಇಬ್ಬರಿಗೂ ಸಾಕಾಗುವಷ್ಟು ನಾನೇ ಆಡುತ್ತೇನಲ್ಲ, ಅದಕ್ಕೆ ಸರಿಹೋಯಿತು. ನನಗೆ ಮೂವತ್ತು ದಾಟಿತ್ತು. ಬಂದ ಗಂಡುಗಳನ್ನೆಲ್ಲ ಏನಾದರೊಂದು ಅಂದು ಓಡಿಸಿದ್ದೇನೆಂದು ಅಮ್ಮ ಕಂಡವರಲ್ಲೆಲ್ಲ ಹೇಳಿಕೊಂಡು ಅಳುತ್ತಿದ್ದಳು. ಇವನೊಬ್ಬನಿಗೆ ನಾನೇ "ಮನೆಗೆ ಬಂದು ಕೇಳಿ" ಎಂದೆ. ಅವನ ಚಿಕ್ಕಪ್ಪಂದಿರು ಬಂದು ಕೇಳಿದರು. ಮನೆದೇವರು ಯಾವುದು ಎಂದು ವಿಚಾರಿಸಿದರು, ಒಂದೇ ಆದರೆ ಒಂದೇ ಕುಲವೆಂದು ಮದುವೆಯಿಲ್ಲ. ಅವರ ದೇವರು ಬೇರೆ, ನಮ್ಮ ದೇವರು ಬೇರೆ, ಅಡ್ಡಿಯಿಲ್ಲ ಎಂದಾಯಿತು. ಹಿರಿಯರ ಪಕ್ಷದ ಹಬ್ಬ ಕಳೆದ ಮೇಲೆ ವೀಳ್ಯಶಾಸ್ತ್ರ ಮಾಡಿ ಮದುವೆ ಗೊತ್ತುಮಾಡುವುದು ಎಂದು ಮಾತಾಯಿತು. ಬಳಗದವರಿಗೆ ಇದನ್ನು ಹೇಳಿರಲಿಲ್ಲ. ಹೇಳಿದರೆ ಭಾನುವಾರವೆಲ್ಲ ನನ್ನನ್ನೇ ಹಿಡಿದುಕೊಂಡು ಆಡಿಕೊಳ್ಳುತ್ತಾರೆಂದು ಗೊತ್ತಿತ್ತು.

ಶ್ರಾವಣದಲ್ಲಿ ಬಳಗದ ದೊಡ್ಡ ಸಭೆ. ಅದೇ ಗಿರಣಿಯ ಅಂಗಳದಲ್ಲಿ ಅವನದೇ ಶಾಮಿಯಾನ, ನಾನೇ ಮಾಡಿದ ಫ್ಲೆಕ್ಸ್‌ಗಳು. ಬಳಗಕ್ಕೆ ಸೇರಿದ ನಾಲ್ಕೂ ತಾಲ್ಲೂಕಿನ ಮನೆಗಳ ಮರಗಳನ್ನು ಸಾಲಾಗಿ ಕಟ್ಟಿದ್ದೆವು. ಜನ ತಮ್ಮ ತಮ್ಮ ಮರದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಮನೆಯಿಂದ ಅಪ್ಪ, ಅಮ್ಮ, ದೊಡ್ಡಪ್ಪ ಬಂದಿದ್ದರು. ಅವನ ಕಡೆಯಿಂದ ಚಿಕ್ಕಪ್ಪಂದಿರು ಬಂದಿದ್ದರು. ಉಪ್ಪಿಟ್ಟು, ಬೋಂಡ ಆದಮೇಲೆ ಕಂಡಕ್ಟರು ವೇದಿಕೆ ಹತ್ತಿ, ಸುತ್ತಿಟ್ಟಿದ್ದ ಒಂದು ಫ್ಲೆಕ್ಸ್ ತೆಗೆದರು. ಅದು ನಾನು ಮಾಡಿದ್ದಲ್ಲ. ನನಗೆ ಗೊತ್ತಾಗದಿರಲೆಂದು ಬೇರೆ ಊರಿನ ಅಂಗಡಿಯಲ್ಲಿ ಮಾಡಿಸಿದ್ದರು.

"ಈವತ್ತು ನಮ್ಮ ಬಳಗದ ಎಣ್ಣುಮಗಳಿಗೆ ಒಂದು ಉಡುಗೊರೆ" ಎಂದು ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. "ಈ ಮಗ ಎಲ್ಲರ ಮರ ಮಾಡ್ಕೊಟ್ಟವ್ಳೆ. ಇವ್ಳ ಮರಕ್ಕೆ ಕಳ್ದೋಗಿದ್ದ ಒಂದು ಕೊಂಬೆ ನಾನು ಉಡುಕ್ಕೊಟ್ಟಿದ್ದೀನಿ."

ಬಿಚ್ಚಿದರು. ಅಕ್ಷರ ದಪ್ಪ, ಬಣ್ಣ ಕೆಟ್ಟದಾಗಿದೆ ಎಂದು ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಓದಿದೆ. ಮೇಲೆ ನಮ್ಮ ಮನೆಯ ಹಳೆಯ ಹಿರಿಯ. ಅವನಿಗೆ ಇಬ್ಬರು ಗಂಡುಮಕ್ಕಳು. ಒಬ್ಬನಿಂದ ನಮ್ಮ ಮನೆ. ಭಾಗ ತೆಗೆದುಕೊಂಡು ಊರು ಬಿಟ್ಟ ಇನ್ನೊಬ್ಬನಿಂದ ಕೆ.ಆರ್. ಪೇಟೆ ಕಡೆಯ ಒಂದು ಮನೆ. ಆ ಕೊಂಬೆಯ ತುದಿಯಲ್ಲಿ ನನ್ನ ಶಾಮಿಯಾನದವನ ಹೆಸರಿತ್ತು.

ಕಂಡಕ್ಟರು ಚಪ್ಪಾಳೆಗೆ ಕಾದರು. ಅರ್ಧ ಜನ ತಟ್ಟಿದರು. ಅವನು ಏಣಿಯ ಮೇಲೆ ನಿಂತು ಒಂದು ಕಂಬದ ಹಗ್ಗ ಬಿಗಿಯುತ್ತಿದ್ದವನು ಹಾಗೆಯೇ ನಿಂತುಬಿಟ್ಟ. ದೊಡ್ಡಪ್ಪ ಮೆಲ್ಲಗೆ ಎದ್ದು ನನ್ನ ಹತ್ತಿರ ಬಂದು, "ಅಣ್ಣತಂಗಿ ಆಗ್ಬುಟ್ರಲ್ಲವ್ವಾ" ಎಂದರು. ಗಟ್ಟಿಯಾಗಿ ಹೇಳಲಿಲ್ಲ, ಆದರೂ ಮುಂದಿನ ಸಾಲಿಗೆಲ್ಲ ಕೇಳಿಸಿತು. ಕಂಡಕ್ಟರು ನಮ್ಮಿಬ್ಬರ ಮುಖವನ್ನು ನೋಡಿ ಅರ್ಥ ಮಾಡಿಕೊಂಡರು. ಅವರ ಕೈಯಲ್ಲಿದ್ದ ಫ್ಲೆಕ್ಸ್ ತಾನಾಗಿಯೇ ಸುತ್ತಿಕೊಳ್ಳತೊಡಗಿತ್ತು.

ದೇವರು ಬೇರೆಯಲ್ಲವಾ ಎಂದು ಅಪ್ಪ ಒಂದು ಮಾತು ಹೇಳಿ ನೋಡಿದ. "ಊರು ಬುಟ್ಟೋರು ಓದ್ ಕಡೆ ದ್ಯಾವ್ರನ್ನೇ ಇಡ್ಕಂಡವ್ರೆ, ಅದ್ಯಾವ ಲೆಕ್ಕ" ಎಂದು ದೊಡ್ಡಪ್ಪ ಆ ದಾರಿಯನ್ನೂ ಮುಚ್ಚಿದರು. ಒಂದೇ ಬೇರಿನ ಗಂಡುಮಕ್ಕಳ ಸಂತಾನ ಎಷ್ಟು ತಲೆಮಾರು ದೂರ ಹೋದರೂ ದಾಯಾದಿಗಳೇ. ನಮ್ಮಲ್ಲಿ ಅಂಥವರು ಮದುವೆಯಾಗುವಂತಿಲ್ಲ.

ಅವತ್ತು ನಾನು ಕಂಡಕ್ಟರಿಗೆ ಅನ್ನಬಾರದ್ದನ್ನೆಲ್ಲ ಅಂದೆ. "ನಿಮ್ಮ ಮರಕ್ಕಿಷ್ಟು ಬೆಂಕಿ ಹಾಕ" ಎಂದದ್ದು ಅದರಲ್ಲಿ ಎಲ್ಲಕ್ಕಿಂತ ಮೆತ್ತನೆಯ ಮಾತು. ಬಳಗದ ವಾಟ್ಸಾಪ್ ಗುಂಪಿನಿಂದ ಹೊರಬಂದೆ. ಅವನು ಫೋನು ಮಾಡಿ "ರಿಜಿಸ್ಟ್ರಾರ್ ಆಫೀಸಿಗೆ ಓಗಾನ, ಬಾ" ಎಂದ. ಅಷ್ಟು ಉದ್ದದ ಮಾತನ್ನು ಅವನು ಅದಕ್ಕೆ ಮುಂಚೆ ಆಡಿದ್ದೇ ಇಲ್ಲ. ನಾನು ಹೂಂ ಎನ್ನುವವಳೇ. ಆದರೆ "ನಿಮ್ಮಜ್ಜಿ?" ಎಂದು ಕೇಳಿದೆ. ಅವನ ತಾಯಿ ಅವನು ಮಗುವಾಗಿದ್ದಾಗಲೇ ಹೋದವಳು. ಅಜ್ಜಿಯೇ ಸಾಕಿದ್ದು. ಅವಳ ಕಣ್ಣಿಗೆ ಕಾಣದಂತೆ ಮದುವೆಯಾಗಿ ಅವನು ಯಾವ ಮನೆಗೆ ಹೋದಾನು? ನನ್ನಮ್ಮನೂ ಅಷ್ಟೇ, "ನೀನು ಅಂಗೇನಾದ್ರೂ ಮಾಡ್ಕಂಡ್ರೆ ನಾನು ಬರಕಿಲ್ಲ ಕನವ್ವ" ಎಂದು ಅಡುಗೆಮನೆಯಲ್ಲಿ ಕುಳಿತಿದ್ದಳು. ಬೈದಿದ್ದರೆ ನಾನೂ ತಿರುಗಿ ಬೈದು ಹೊರಡುತ್ತಿದ್ದೆ. ಅವಳು ಬೈಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಚಾಚಾನ ವ್ಯಾನು ಅಂಗಡಿಯ ಮುಂದೆ ನಿಂತಿತು. ಮೂವರೂ ಇಳಿದರು. ಕಂಡಕ್ಟರು ಬೆಂಚಿನ ತುದಿಯಲ್ಲಿ ಕುಳಿತು ನೆಲ ನೋಡುತ್ತಿದ್ದರು. ನಾನು ತಲೆಯೆತ್ತದೆ ಯಾರದೋ ಗೃಹಪ್ರವೇಶಕ್ಕೆ ಹೂವಿನ ಅಂಚು ಹಾಕುತ್ತಿದ್ದೆ.

ಡೈರಿ ಅಕ್ಕ ನೇರವಾಗಿ ಕೇಳಿದಳು. "ಆ ಮನೆ ಮರ ಬರ್ಕಳಾಕೆ ಓದಾಗ ಯಾರ್ ಯಾರನ್ನ ಕೇಳಿದ್ರಿ ಅಧ್ಯಕ್ಷರೇ?"

"ಅವ್ನ ಚಿಕ್ಕಪ್ಪದಿರ. ಜಗುಲೀಲಿ."

"ಒಳಗೆ?"

ಕಂಡಕ್ಟರು ಇಲ್ಲವೆಂದು ತಲೆಯಾಡಿಸಿದರು. ಚಾಚಾ ನನ್ನ ಕಡೆ ತಿರುಗಿ, "ಬೇಟಿ, ನಮ್ಮ ಅಮ್ಮೀ ಕಡೆಯೋರನ್ನ ಇಪ್ಪತ್ತು ವರ್ಷ ಗಂಡಸ್ರನ್ನೇ ಕೇಳ್ಕೊಂಡು ತಿರುಗ್ದೆ. ಪಕ್ಕದ ಮನೆ ಮುದುಕಿ ಖಾಲಾನ ಕೇಳಿದ್ರೆ ಅವತ್ತೇ ಹೇಳೋಳು. ಒಂದ್ಸಲ ನೋಡಾಣ. ಅಡಿಗೆಮನೆ ಬಾಕಿ ಐತೆ" ಎಂದರು.

ಏನಾದರೂ ಮಾಡಿಕೊಳ್ಳಿ ಎಂದೆ. ಹೋಗಿಬರಲಿ ಎಂದು ಒಳಗೊಳಗೇ ಕೈಮುಗಿದದ್ದು ಅವರಿಗೆ ಕಾಣಿಸಲಿಲ್ಲ. ಆ ಮನೆಗೆ ನಾನು ಹೋಗುವಂತಿರಲಿಲ್ಲ. ಅಲ್ಲಿ ನಡೆದದ್ದನ್ನು ಅಕ್ಕ ಹೇಳಿದಂತೆಯೇ ಹೇಳುತ್ತೇನೆ.

ಗಂಡಸರು ಜಗುಲಿಯಲ್ಲಿ ಕುಳಿತರು. ಅಕ್ಕ ಯಾರನ್ನೂ ಕೇಳದೆ ಒಳಗೆ ಹೋಗಿ, ಮೊರದಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯ ಎದುರು ಕುಳಿತಳು. ವಂಶದ ಮಾತೇ ತೆಗೆಯಲಿಲ್ಲ. ಹಾಲಿನ ರೇಟು, ಹಸುವಿನ ಕೆಚ್ಚಲು ಬಾವು, ಈ ಸಲದ ಮಳೆ, ಹೀಗೆ ಮಾತಾಡಿದಳು. ಪಕ್ಷದ ಹಬ್ಬ ಹತ್ತಿರ ಬಂದಿತ್ತಲ್ಲ, ಹಬ್ಬಕ್ಕೆ ಏನೇನು ತರಿಸಬೇಕು ಎಂದು ಅಜ್ಜಿ ಹೇಳತೊಡಗಿದಳು. ನಮ್ಮ ಕಡೆ ಪಕ್ಷದಲ್ಲಿ ಸತ್ತ ಹಿರಿಯರಿಗೆಂದು ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಡುತ್ತೇವೆ. ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ. ಅಜ್ಜಿ ಪಂಚೆ ಹೇಳಿದಳು, ಸೀರೆ ಹೇಳಿದಳು, ಕೋಳಿ ಹೇಳಿದಳು. ಆಮೇಲೆ, "ಮಡಿಲಕ್ಕಿಗೆ ಒಸ ಅಕ್ಕಿ, ಬೆಲ್ಲ, ಕಾಯಿ, ಬಳೆ" ಎಂದಳು.

ಅಕ್ಕ ಕೇರಲು ತೆಗೆದುಕೊಂಡಿದ್ದ ಮೊರವನ್ನು ಕೆಳಗಿಟ್ಟಳು. "ಯಾರಿಗವ್ವಾ ಮಡಿಲಕ್ಕಿ? ಮೊಮ್ಮಗಳು ಬತ್ತಾಳಾ?"

"ಇಲ್ಲ ಕನವ್ವ. ನಮ್ಮ ದೊಡ್ಡವ್ವಂಗೆ. ಎಡೆ ಮ್ಯಾಲೆ."

ಮಡಿಲಕ್ಕಿ ಎಂದರೆ ತವರಿನವರು ತಮ್ಮ ಮಗಳ ಮಡಿಲಿಗೆ ತುಂಬುವುದು. ಮದುವೆಯಾಗಿ ಹೋದ ಹೆಣ್ಣಿಗೆ ತವರು ಇನ್ನೂ ಇದೆ ಎಂದು ಹೇಳುವ ಅಕ್ಕಿ ಅದು. ಗಂಡನ ಮನೆಯವರು ಸೊಸೆಗೆ ಮಡಿಲಕ್ಕಿ ತುಂಬುವುದಿಲ್ಲ, ಅದರಲ್ಲೂ ಸತ್ತವಳಿಗೆ ತುಂಬುವುದನ್ನು ಅಕ್ಕ ಎಲ್ಲೂ ಕೇಳಿರಲಿಲ್ಲ. ಕೇಳಿದ್ದಕ್ಕೆ ಅಜ್ಜಿ, ತನ್ನ ಅತ್ತೆ ಹೇಳಿದ್ದನ್ನು, ಅತ್ತೆಗೆ ಅವಳ ಅತ್ತೆ ಹೇಳಿದ್ದನ್ನು ಹೇಳಿದಳು.

ಆ ದೊಡ್ಡವ್ವ ಎಂದರೆ ಆ ಮನೆಯ ಮೂಲದ ಹೆಂಗಸು, ನಾಗಮಂಗಲದ ಕಡೆಯ ಹೆಣ್ಣು. ಅವಳ ಅಪ್ಪನಿಗೆ ಬಹಳ ಕಾಲ ಗಂಡು ಮಗು ಇರಲಿಲ್ಲ. ಹಾಗಾಗಿ ಮಗಳಿಗೆ ಮೇಲುಕೋಟೆ ಕಡೆಯ ಗಂಡು ತಂದು ಮನೆಯಳಿಯನಾಗಿ ಇಟ್ಟುಕೊಂಡ. ಆಮೇಲೆ ಮುದಿವಯಸ್ಸಿನಲ್ಲಿ ಒಬ್ಬ ಮಗ ಹುಟ್ಟಿದ. ಮುದುಕ ನ್ಯಾಯವಂತ, ದುಡಿದ ಅಳಿಯನಿಗೂ ಮಗನಿಗೂ ಸಮ ಭಾಗ ಮಾಡಿಕೊಟ್ಟು ಸತ್ತ. ಬೆಳೆದ ತಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ, ದಿನಾ ಕಿತ್ತಾಟ. ಕೊನೆಗೆ ದೊಡ್ಡವ್ವನೂ ಅವಳ ಗಂಡನೂ ತಮಗೆ ಬಂದ ಪಾಲನ್ನು ಮಾರಿ ಈ ಕಡೆ ಬಂದು ನೆಲೆಸಿದರು. ಅಂದಿನಿಂದ ತಮ್ಮ ಅವಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ಕರೆ ಇಲ್ಲ, ಮಡಿಲಕ್ಕಿ ಇಲ್ಲ. ಸಾಯುವಾಗ ಅವಳು ಸೊಸೆಯನ್ನು ಕರೆದು ಹೇಳಿದ್ದಳಂತೆ: "ನನ್ನ ಎಡೆ ಮುಂದೆ ಮಡಿಲಕ್ಕಿ ಇಡಿ. ತವರೋರು ಬರೋಗಂಟ ನೀವೇ ತುಂಬಿ." ಸೊಸೆ ತುಂಬಿದಳು. ಸೊಸೆಯ ಸೊಸೆ ತುಂಬಿದಳು. ಈಗ ಈ ಅಜ್ಜಿ ತುಂಬುತ್ತಿದ್ದಳು. ಜಗುಲಿಯ ಗಂಡಸರು ಎಡೆಯ ಮುಂದೆ ಅಕ್ಕಿ ಇರುವುದನ್ನು ಹುಟ್ಟಿದಾಗಿನಿಂದ ನೋಡಿದ್ದರು. ಯಾಕೆ ಎಂದು ಅವರಲ್ಲಿ ಯಾರೂ ಕೇಳಿರಲಿಲ್ಲ.

"ಇದನ್ನ ಮೊದ್ಲೇ ಯಾಕವ್ವಾ ಯೇಳ್ಲಿಲ್ಲ?" ಎಂದರೆ, "ಯಾರು ಕೇಳಿದ್ರು?" ಎಂದಳಂತೆ ಅಜ್ಜಿ.

ಅಕ್ಕ ವ್ಯಾನಿನಿಂದಲೇ ನನಗೆ ಫೋನು ಮಾಡಿದಳು. ಹಿಂದೆ ಚಾಚಾ "ಮೊದ್ಲು ಒಳ್ಳೇ ಸುದ್ದಿ ಹೇಳು, ಆಮೇಲೆ ಕಥೆ" ಎಂದು ಕೂಗುತ್ತಿದ್ದುದು ಕೇಳಿಸುತ್ತಿತ್ತು. ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಅಕ್ಕ ಬಿಡಿಸಿ ಹೇಳಿದಳು. ಭಾಗ ಪಡೆದು ಊರು ಬಿಟ್ಟವನು ಮಗನಲ್ಲ, ಅಳಿಯ. ನಮ್ಮ ಮನೆ ಆ ತಮ್ಮನ ಸಂತಾನ, ಶಾಮಿಯಾನದವನ ಮನೆ ಆ ದೊಡ್ಡವ್ವನ ಸಂತಾನ. ಅವರ ದೇವರು ಬೇರೆಯಾಗಿದ್ದುದು ಅದಕ್ಕೇ, ಅದು ಆ ಅಳಿಯನ ಕಡೆಯ ದೇವರು. ಅಣ್ಣತಮ್ಮಂದಿರ ಮಕ್ಕಳಾದರೆ ನಮ್ಮಲ್ಲಿ ಮದುವೆಯಿಲ್ಲ. ಅಕ್ಕತಮ್ಮನ ಮಕ್ಕಳಾದರೆ ಮದುವೆಯಾಗಬಹುದು ಎನ್ನುವುದಷ್ಟೇ ಅಲ್ಲ, ಹುಡುಕಿಕೊಂಡು ಹೋಗಿ ಮಾಡುತ್ತಾರೆ. "ವರಸೆ ಆಯ್ತದೆ ಕಣಮ್ಮಿ! ಅತ್ತೆ ಮಗ ಆಗ್ಬೇಕು ಅವ್ನು ನಿಂಗೆ!" ಎಂದಳು ಅಕ್ಕ. ನಾನು ಅಂಗಡಿಯ ಶಟರ್ ಅರ್ಧ ಎಳೆದು, ಪ್ರಿಂಟರಿನ ಹಿಂದೆ ಕುಳಿತು ಚೆನ್ನಾಗಿ ಅತ್ತೆ. ಫ್ಲೆಕ್ಸ್ ತೆಗೆದುಕೊಂಡು ಹೋಗಲು ಬಂದವನೊಬ್ಬ ಬಗ್ಗಿ ನೋಡಿ ಹೆದರಿ ಹೋದ.

ಮರುದಿನವೇ ಕಂಡಕ್ಟರು ನಮ್ಮ ಮನೆಗೆ ಬಂದರು. ಜಗುಲಿಯಲ್ಲಿ ಕೂರಲು ಹೇಳಿದರೂ ಕೂರಲಿಲ್ಲ. ನಿಂತುಕೊಂಡೇ ಅಪ್ಪನಿಗೂ ದೊಡ್ಡಪ್ಪನಿಗೂ ಎಲ್ಲ ಹೇಳಿ, "ತಪ್ಪು ನಂದು. ಭಾಗ ತಗಂಡೋರೆಲ್ಲಾ ಮಗ ಅಂದ್ಕಂಡು ಒಬ್ಬ ಎಣ್ಣುಮಗಳನ್ನ ಅಳಿಸ್ಬುಟ್ಟೆ" ಎಂದರು. ಅಷ್ಟು ವಯಸ್ಸಿನ ಮನುಷ್ಯ ಹಾಗೆ ನಿಂತದ್ದನ್ನು ನೋಡಿ, ನಾನು ಬೈದ ಒಂದೊಂದು ಮಾತೂ ನೆನಪಾಯಿತು. ಕಾಫಿ ಕೊಟ್ಟೆ. ಸಕ್ಕರೆ ಹಾಕುವುದನ್ನು ಮರೆತಿದ್ದೆ. ಅವರು ಏನೂ ಅನ್ನದೆ ಕುಡಿದರು.

ದೊಡ್ಡಪ್ಪನಿಗೆ ಮದುವೆಯ ವರಸೆ ಒಪ್ಪಿಗೆಯಾಯಿತು. ಆದರೆ ಇನ್ನೊಂದು ಮಾತು ಚುಚ್ಚಿತು. "ನಮ್ಮನೆ ಎಣ್ಣಿಗೆ ನಮ್ಮೋರು ಮಡಿಲಕ್ಕಿ ಕೊಡ್ದೆ ಇದ್ರಾ? ಇಲ್ಲದ್ದು ಯೇಳ್ಬೇಡಿ. ನಮ್ಮದು ಅಂಥಾ ಮನೆ ಅಲ್ಲ."

ಮಾತಾಡಿದವಳು ಅಮ್ಮ. ನನ್ನ ಮದುವೆಗೆ ಬರುವುದಿಲ್ಲ ಎಂದಿದ್ದ ಅಮ್ಮ, ಗಂಡಸರ ಮಾತಿನ ನಡುವೆ ಯಾವತ್ತೂ ಬಾಯಿ ಹಾಕದವಳು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಹೇಳಿದಳು: "ಇದ್ರು ಇರ್ಬೈದು ಭಾವ. ನನ್ನ ತಮ್ಮ ಒಂದು ವರ್ಷ ಗೌರಿ ಹಬ್ಬಕ್ಕೆ ಬರ್ನಿಲ್ಲ ಅಂತ ನಾನು ಈ ಮನೇಲಿ ಉಣ್ಣದೆ ಮಲಗಿದ್ದೆ. ಯಾರಿಗೂ ಗೊತ್ತಾಗ್ನಿಲ್ಲ. ಆಯಮ್ಮ ಎಷ್ಟು ವರ್ಸ ಮಲಗಿದ್ಲೋ." ಆಮೇಲೆ ಒಳಗೆ ಹೋಗಿ, ಹೊಸ ಅಕ್ಕಿ ತೆಗೆದು ಕಲ್ಲು ಆರಿಸಲು ಕುಳಿತಳು. ದೊಡ್ಡಪ್ಪ ಅಡುಗೆಮನೆಯ ಬಾಗಿಲ ತನಕ ಹೋಗಿ, "ಕಾಯಿ ನಮ್ಮ ತೋಟದ್ದೇ ಕಿತ್ಕಳಿ" ಎಂದರು.

ಪಕ್ಷದ ಹಬ್ಬದ ದಿನ ನಾವೆಲ್ಲ ಅವನ ಮನೆಗೆ ಹೋದದ್ದು ಚಾಚಾನ ವ್ಯಾನಿನಲ್ಲೇ. ಮದುವೆಗೆ ಮುಂಚೆ ಹೆಣ್ಣು ಗಂಡಿನ ಮನೆಗೆ ಹೋಗಬಾರದು ಎಂದು ದಾರಿಯಲ್ಲಿ ದೊಡ್ಡಪ್ಪ ಗೊಣಗಿದರು. "ಹೆಣ್ಣಾಗಿ ಎಲ್ಲಿ ಹೋಗ್ತಾವ್ಳೆ ಯಜಮಾನ್ರೇ, ತವರಿನೋಳಾಗಿ ಹೋಗ್ತಾವ್ಳೆ" ಎಂದು ಚಾಚಾ ಅವರ ಬಾಯಿ ಮುಚ್ಚಿಸಿದರು. ಅಜ್ಜಿ ಚಾಚಾನಿಗಾಗಿ ಕೋಳಿಯನ್ನು ಕುಯ್ಯದೆ ಇಟ್ಟಿದ್ದಳು. "ನಿಮ್ಮ ಕೈಲೇ ಕುಯ್ಯಿ, ಎಲ್ರೂ ಒಂದೇ ಸಾಲಲ್ಲಿ ಉಣ್ಬೈದು" ಎಂದಳು. ಕಂಡಕ್ಟರು ಹೊಸ ಮರವನ್ನು ತಂದಿದ್ದರು. ಈ ಸಲ ನಾನೇ ಮಾಡಿದ್ದು. ಆ ದೊಡ್ಡವ್ವನ ಹೆಸರು ಅಜ್ಜಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. 'ಮಗಳು' ಎಂದಷ್ಟೇ ಹಾಕಿದ್ದೆ, ತಮ್ಮನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ.

ಈ ಜನರಿಗೆ ನಾನು ಏನು ಕೊಟ್ಟರೆ ಸಮವಾದೀತು ಎಂದು ವ್ಯಾನಿನಲ್ಲಿ ಕುಳಿತು ಯೋಚಿಸಿದ್ದೆ. ಒಬ್ಬರು ನನ್ನ ಬೈಗುಳ ತಿಂದೂ ನನ್ನ ಅಂಗಡಿಗೆ ಬಂದು ಕುಳಿತವರು, ಒಬ್ಬರು ವ್ಯಾಪಾರ ಬಿಟ್ಟು ವ್ಯಾನು ಓಡಿಸಿದವರು, ಒಬ್ಬಳು ಹಾಲು ಅಳೆಯುವುದನ್ನು ಬೇರೆಯವರಿಗೆ ವಹಿಸಿ ಯಾರದೋ ಮನೆಯ ರಾಗಿ ಕೇರಿದವಳು. ನನ್ನ ರಕ್ತಸಂಬಂಧ ಯಾರು ಎಂದು ಹುಡುಕಿಕೊಟ್ಟವರಲ್ಲಿ ಒಬ್ಬರೂ ನನ್ನ ರಕ್ತಸಂಬಂಧಿಗಳಲ್ಲ. ಈಗಲೂ ಭಾನುವಾರ ಬಂದರೆ ಗಂಡನ ಜೊತೆ ಆ ಜಗುಲಿಗೆ ಹೋಗುತ್ತೇನೆ. ಕೃತಜ್ಞತೆ ಎಂದು ಬಾಯಿಬಿಟ್ಟು ಹೇಳಲು ಹೋದರೆ ಕಂಡಕ್ಟರು "ಓಗವ್ವಾ ನೆಟ್ಟಗೆ, ಭಾಷಣ ಮಾಡ್ಬೇಡ" ಎನ್ನುತ್ತಾರೆ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಅವತ್ತು ಒಳಗಿನ ಕೋಣೆಯಲ್ಲಿ ಎಡೆ ಸಿದ್ಧವಾಯಿತು. ಸಾಂಬ್ರಾಣಿ ಹೊಗೆಯಲ್ಲಿ ಬಾಳೆಲೆಗಳು, ಪಂಚೆ, ಮತ್ತು ದೊಡ್ಡವ್ವನಿಗೆಂದು ಮಡಿಸಿಟ್ಟ ಒಂದು ಹಸಿರು ಸೀರೆ. ಪ್ರತಿ ವರ್ಷ ಆ ಸೀರೆಯ ಮುಂದೆ ಅಜ್ಜಿಯೇ ಕೂರುತ್ತಿದ್ದಳಂತೆ. ಅವಳು ಪಕ್ಕಕ್ಕೆ ಸರಿದು, ಅಮ್ಮನಿಗೆ ಜಾಗ ತೋರಿಸಿದಳು. ಅಮ್ಮ ಮಂಡಿಯೂರಿ ಕುಳಿತು, ಸೀರೆಯ ಸೆರಗನ್ನು ಮಡಿಲಿನಂತೆ ಬಿಡಿಸಿದಳು. ಬೊಗಸೆಯಲ್ಲಿ ಅಕ್ಕಿ ತೆಗೆದು ಹಾಕಿದಳು. ಬೆಲ್ಲ ಇಟ್ಟಳು, ದೊಡ್ಡಪ್ಪ ಕೊಟ್ಟ ಕಾಯಿ ಇಟ್ಟಳು, ಬಳೆ ಇಟ್ಟಳು. ಮಡಿಲು ತುಂಬಿ ಅಕ್ಕಿ ನೆಲಕ್ಕೂ ಚೆಲ್ಲಿತು. ಬಾಗಿಲ ಬಳಿ ನಿಂತಿದ್ದ ದೊಡ್ಡಪ್ಪ ಒಳಗೆ ಬಂದು, ಯಾರೂ ಹೇಳದೆಯೇ ಆ ಸೀರೆಗೆ ಅಡ್ಡಬಿದ್ದರು.

ಹಿರಿಯರು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗಿರಬೇಕು. ಎಲ್ಲರೂ ಹೊರಬಂದೆವು, ಅಜ್ಜಿಯೊಬ್ಬಳು ಬರಲಿಲ್ಲ. ಬಾಗಿಲು ಮುಚ್ಚಲು ಹೋದ ನನಗೆ ಅವಳ ಮಾತು ಕೇಳಿಸಿತು. ಸೀರೆಯ ಕಡೆ ಬಗ್ಗಿ, ಕಿವಿ ಕೇಳದವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು.

"ಬಂದವ್ರೆ ಕನವ್ವ, ನಿಮ್ಮೋರು ಬಂದವ್ರೆ. ಉಣ್ಣು."